ಪ್ರಸಾದನಿಲಯವೆಂಬ ಮಾತು

ಕಾಲೇಜು ಸೇರಿದ ಹುಡುಗನನ್ನು ‘ಎಲ್ಲಿರುವೆಯಪ್ಪಾ?’ ಎಂದು ಕೇಳಿದರೆ, ಮಠದ ಪ್ರಸಾದನಿಲಯದಲ್ಲಿ ಉಂಡು ಓದುವವನೂ ‘ಹಾಸ್ಟೆಲಿನಲ್ಲಿ’ ಎನ್ನುತ್ತಾನೆ. ಇಂಗ್ಲಿಷ್ ಮಾತಿನ ಮೇಲೆ ನನಗೇನೂ ಮುನಿಸಿಲ್ಲ. ಅತಿಥಿಯೆಂಬರ್ಥದ ಲ್ಯಾಟಿನ್ ಮೂಲದಿಂದ ಬಂದ ಕುಲೀನ ಶಬ್ದವೇ ಅದು. ಆದರೆ ಹುಡುಗನು ಪ್ರಸಾದನಿಲಯವೆನ್ನಲು ನಾಚುವುದು, ಆ ಪದದಲ್ಲಿ ಬಡತನದ ವಾಸನೆಯುಂಟೆಂಬ ಭ್ರಮೆಯಿಂದ. ಈ ಭ್ರಮೆ ಕಳೆಯತಕ್ಕುದು.

‘ಪ್ರ’ ಎಂಬ ಉಪಸರ್ಗದೊಡನೆ ‘ಸದ್’ ಧಾತು ಕೂಡಿ ಆದ ಪದ ಪ್ರಸಾದ. ಕದಡಿದ ನೀರು ತಿಳಿಯಾದಂತಹ ನೈರ್ಮಲ್ಯ, ಮನಸ್ಸಿನ ಪ್ರಸನ್ನತೆ, ಅನುಗ್ರಹ ಇವೆಲ್ಲ ಅದರ ಅರ್ಥಗಳು. ಓದಿದೊಡನೆ ಅರ್ಥ ಹೊಳೆಯುವ ಕಾವ್ಯಗುಣಕ್ಕೂ ಆಲಂಕಾರಿಕರು ಇದೇ ಹೆಸರಿಟ್ಟರು. ಶರಣಸಿದ್ಧಾಂತದಲ್ಲಂತೂ ಪ್ರಸಾದವು ಅಷ್ಟಾವರಣಗಳಲ್ಲೊಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ‘ನಿಲಯ’ವೋ, ಬಂದು ನೆಲೆಗೊಳ್ಳುವ ಠಾವು.

ಹಿಂದೆ ಪಟ್ಟಣಕ್ಕೆ ಬಂದ ಎಷ್ಟೋ ಬಡ ವಿದ್ಯಾರ್ಥಿಗಳಿಗೆ ವಾರಾನ್ನವೇ ಗತಿಯಾಗಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಬಡಿಸುವ ಕೈಯಲ್ಲಿ ದಯೆಯಿದ್ದರೂ ಹೊಸಿಲಲ್ಲಿ ಕಾದು ನಿಂತವನ ತಲೆ ತಗ್ಗಿಯೇ ಇರುತ್ತಿತ್ತು. ಅದೂ ಎಲ್ಲ ಜಾತಿಯ ಮಕ್ಕಳಿಗೆ ದೊರೆಯುತ್ತಿದ್ದುದಲ್ಲ. ಮಠಗಳು ತೆರೆದ ಪ್ರಸಾದನಿಲಯಗಳಲ್ಲಿ ಈ ಲೆಕ್ಕ ತಿರುವುಮುರುವಾಯಿತು. ಇಲ್ಲಿ ನಡೆಯುವುದು ದಾಸೋಹ. ‘ದಾಸೋಹಂ’, ಅಂದರೆ ‘ನಾನು ದಾಸ’, ಎನ್ನುವವನು ನೀಡುವವನೇ ಹೊರತು ಉಣ್ಣುವವನಲ್ಲ! ಸಿದ್ಧಗಂಗೆಯ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು (1907–2019) ಜಾತಿ ಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹ ನಡೆಸಿದುದು ಈ ಅರ್ಥದಲ್ಲಿಯೇ. ಹಾಗಿರುವಾಗ ಉಂಡ ಹುಡುಗನು ನಾಚುವುದೇಕೆ?

ಮಠದಲ್ಲಿ ‘ಊಟವಾಯಿತೇ?’ ಎನ್ನುವುದಿಲ್ಲ, ‘ಪ್ರಸಾದವಾಯಿತೇ?’ ಎನ್ನುತ್ತಾರೆ. ಮಾತು ಬದಲಾದರೆ ನಡತೆಯೂ ಬದಲಾಗುತ್ತದೆ. ಊಟವೆಂದರೆ ತಟ್ಟೆಯಲ್ಲಿ ಬಿಟ್ಟು ಏಳುವವನು ಪ್ರಸಾದವೆಂದರೆ ಅಗುಳುಳಿಯದಂತೆ ಉಣ್ಣುತ್ತಾನೆ. ‘ಮೆಸ್ಸಿನ ಸಾರು ನೀರಾಗಿದೆ’ ಎಂದು ದೂರುವ ನಾಲಿಗೆ ಪ್ರಸಾದದ ಮಾತು ಬಂದಾಗ ಹಿಂಜರಿಯುತ್ತದೆ. (ಆ ಹಿಂಜರಿಕೆಯನ್ನೇ ನಂಬಿ ಅಡಿಗೆಯವರು ಸಾರಿಗೆ ನೀರು ಹೊಯ್ಯಬಾರದಷ್ಟೆ.)

ಇನ್ನು ಸಂಸ್ಥೆಗಳವರಿಗೂ ಒಂದು ಮಾತು. ವೆಚ್ಚ ಬೆಳೆದಿದೆ, ಶುಲ್ಕ ಪಡೆಯುವುದು ತಪ್ಪಲ್ಲ. ಆದರೆ ಪೂರ್ಣ ಶುಲ್ಕ ಪಡೆಯುವ ಕಡೆ ‘ವಿದ್ಯಾರ್ಥಿನಿಲಯ’ವೆಂದೇ ಬರೆಸಲಿ, ಕ್ರಯಕ್ಕೆ ಕೊಂಡ ಅನ್ನಕ್ಕೆ ಪ್ರಸಾದವೆಂಬ ಹೆಸರು ಹೊಂದದು. ಉಚಿತವಾಗಿ ನೀಡುವ ಕಡೆ, ಹೊಸ ಕಟ್ಟಡವೆದ್ದಿತೆಂದು ಹಳೆಯ ಹೆಸರನ್ನಳಿಸಿ ‘ಹಾಸ್ಟೆಲ್’ ಎಂಬ ಫಲಕ ತೂಗಿಸುವುದೂ ಸಲ್ಲದು. ನಮ್ಮ ಹುಡುಗರಾದರೂ ಅರ್ಜಿಯ ವಿಳಾಸದಲ್ಲಿ ‘ಪ್ರಸಾದನಿಲಯ’ ಎಂಬ ಆರಕ್ಷರಗಳನ್ನು ಪೂರ್ತಿಯಾಗಿ, ದಪ್ಪವಾಗಿ ಬರೆಯಲಿ.