ಒಳಗೆ ಹೆಂಗಸರು, ಹೊರಗೆ ಸ್ಕೂಟರ್ ಹತ್ತಿರ ಗಂಡಸರು: ಸಣ್ಣ ಚರ್ಚುಗಳಲ್ಲಿ ಗಂಡಸರ ಕೂಟ ಯಾಕೆ ನಿಲ್ಲುವುದಿಲ್ಲ?

ಮರ್ಕಂಜ: ಆದಿತ್ಯವಾರ ಬೆಳಿಗ್ಗೆ ನಮ್ಮ ಕಡೆಯ ಯಾವುದಾದರೂ ಸಣ್ಣ ಚರ್ಚಿನ ಎದುರು ಹತ್ತು ನಿಮಿಷ ನಿಂತು ನೋಡಿ. ಹೆಂಗಸರು, ಮಕ್ಕಳು ಒಳಗೆ ಹೋಗಿ ಕೂತಿರ್ತಾರೆ. ಗಂಡಸರು ಹೆಂಡತಿ ಮಕ್ಕಳನ್ನು ಬಿಟ್ಟು, ಸ್ಕೂಟರ್ ಸ್ಟ್ಯಾಂಡ್ ಹಾಕಿ, ಅಲ್ಲೇ ಮರದ ಅಡಿಯಲ್ಲಿ ಮೊಬೈಲ್ ನೋಡ್ತಾ ನಿಂತಿರ್ತಾರೆ. ಹಾಡು ಮುಗಿದು ಪ್ರಸಂಗ ಶುರುವಾಗುವಾಗ ಕೆಲವರು ಹಿಂದಿನ ಸಾಲಿಗೆ ಬಂದು ಕೂರ್ತಾರೆ. ಉಳಿದವರು ಪೇಟೆಗೆ ಹೋಗಿ ಮೀನು ತೆಗೊಂಡು ಬರ್ತಾರೆ.

ಇದು ಕ್ರಿಶ್ಚಿಯನ್ನರ ವಿಷಯ, ನಮಗೆ ಯಾಕೆ ಅಂತ ಕೇಳಬೇಡಿ. ನಮ್ಮ ಊರಿನ ಭಜನೆಗೆ ಎಷ್ಟು ಜನ ಗಂಡಸರು ತಾಳ ಹಿಡಿದು ಕೂರ್ತಾರೆ, ಎಷ್ಟು ಜನ ಅಂಗಳದಲ್ಲಿ ನಿಂತು ರಾಜಕೀಯ ಮಾತಾಡ್ತಾರೆ ಅಂತ ಒಂದು ಸಲ ಲೆಕ್ಕ ಹಾಕಿ. ಜುಮ್ಮಾ ನಮಾಜಿನ ಕ್ರಮ ಬೇರೆ, ಅಲ್ಲಿ ಗಂಡಸರೇ ಸೇರುವುದು. ಅದು ಬಿಟ್ಟರೆ ಉಳಿದ ಕಡೆ ಕತೆ ಹೆಚ್ಚು ಕಡಿಮೆ ಒಂದೇ. ವರ್ಷದ ಜಾತ್ರೆಗೆ, ಕ್ರಿಸ್ಮಸ್‌ಗೆ ಗಂಡಸರು ಬೇಕಾದಷ್ಟು ಉಂಟು. ವಾರ ವಾರದ ಕೂಟಕ್ಕೆ ಮಾತ್ರ ಜನ ಇಲ್ಲ.

ಚರ್ಚುಗಳಲ್ಲಿ ಇದಕ್ಕೆ ಒಂದು ಉತ್ತರ ಅಂತ 'ಪುರುಷರ ಕೂಟ' ಮಾಡ್ತಾರೆ. ಇಂಗ್ಲಿಷಿನಲ್ಲಿ ಮೆನ್ಸ್ ಫೆಲೋಶಿಪ್, ಮೆನ್ಸ್ ಮಿನಿಸ್ಟ್ರಿ ಅಂತ ಹೇಳುದು. ಉದ್ಘಾಟನೆ ಜೋರಾಗಿ ಆಗ್ತದೆ, ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲ ಆಗ್ತದೆ. ಕೆಲವೇ ತಿಂಗಳಲ್ಲಿ ಬ್ಯಾನರ್ ಮಾತ್ರ ಉಳಿಯುತ್ತದೆ. ಯಾಕೆ ಹೀಗೆ? ನಿಲ್ಲುವ ಹಾಗೆ ಮಾಡಲು ಎಂತ ಬೇಕು? ಈ ಬರಹ ಅದರ ಬಗ್ಗೆ.

ಸಣ್ಣ ವಿಷಯ ಅಲ್ಲ

ಮೊದಲು ಒಂದು ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಜನ. ಅದರಲ್ಲಿ ಗಂಡಸರು 1.22 ಲಕ್ಷಕ್ಕಿಂತ ಹೆಚ್ಚು. ಅಂದರೆ ಹತ್ತರಲ್ಲಿ ಏಳು ಜನ ಗಂಡಸರು.

ಈಗ ನಮ್ಮ ಊರಿಗೆ ಬನ್ನಿ. ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜ ಅಂದರೆ ಅಡಿಕೆ ಹಳದಿ ಎಲೆ ರೋಗದ ಊರುಗಳು ಅಂತ ಹೊರಗಿನವರಿಗೂ ಗೊತ್ತು. ದಶಕಗಳಿಂದ ತೋಟ ಹಳದಿಯಾಗ್ತಾ ಬಂದಿದೆ, ಗುಣ ಮಾಡುವ ಮದ್ದು ಇನ್ನೂ ಬಂದಿಲ್ಲ. ಅದರ ಮೇಲೆ ಎಲೆಚುಕ್ಕಿ. ಅಜ್ಜ ನೆಟ್ಟ ತೋಟ ಕಣ್ಣೆದುರೇ ಹೋಗುವಾಗ ಮನೆಯ ಯಜಮಾನ ಯಾರ ಹತ್ತಿರ ಮಾತಾಡ್ತಾನೆ? ಹೆಂಡತಿ ಹತ್ತಿರ ಹೇಳಿದರೆ ಅವಳಿಗೆ ಹೆದರಿಕೆ ಆಗ್ತದೆ ಅಂತ ಹೇಳುವುದಿಲ್ಲ. ಅಣ್ಣ ತಮ್ಮನ ಹತ್ತಿರ ಪಾಲಿನ ತಕರಾರು. ಸೊಸೈಟಿಯಲ್ಲಿ ಸಾಲದ ಮಾತು ಮಾತ್ರ. ಉಳಿದದ್ದು ಸಂಜೆಯ ಬಾರ್.

ಹೆಂಗಸರಿಗೆ ಈ ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ಜಾಗಗಳು ಆಗಿವೆ. ಸ್ತ್ರೀಶಕ್ತಿ ಸಂಘ, ಸಂಜೀವಿನಿ, ನವೋದಯ, ಧರ್ಮಸ್ಥಳ ಯೋಜನೆಯ ಸಂಘ. ವಾರಕ್ಕೊಮ್ಮೆ ಕೂರಲೇಬೇಕು, ಕಂತು ಕಟ್ಟಲೇಬೇಕು. ಕಂತಿನ ನೆಪದಲ್ಲಿ ಮನೆಯ ಸುಖ ದುಃಖ ಮಾತಾಡಿ ಆಗ್ತದೆ. ಒಬ್ಬಳು ಎರಡು ವಾರ ಬರದಿದ್ದರೆ ಮೂರನೇ ವಾರ ಯಾರಾದರೂ ಮನೆಗೆ ಹೋಗ್ತಾರೆ. ಗಂಡಸು ಎರಡು ತಿಂಗಳು ಕಾಣದಿದ್ದರೂ 'ಎಲ್ಲಿಯೋ ಕೆಲಸಕ್ಕೆ ಹೋಗಿರಬೇಕು' ಅಂತ ಬಿಡ್ತೇವೆ.

ಬ್ಯಾಪ್ಟಿಸ್ಟ್ ಅಂದರೆ ಎಂತ?

ನಮ್ಮ ಜಿಲ್ಲೆಯಲ್ಲಿ ಕ್ರಿಶ್ಚಿಯನ್ ಅಂದರೆ ಹೆಚ್ಚಿನವರಿಗೆ ಕೊಂಕಣಿ ಮಾತಾಡುವ ಕಥೊಲಿಕರು ನೆನಪಾಗ್ತಾರೆ. ನಂತರ ಬಾಸೆಲ್ ಮಿಷನ್ ಹಿನ್ನೆಲೆಯ ಸಿ.ಎಸ್.ಐ. ಸಭೆಯವರು. ಕಡಬ, ನೆಲ್ಯಾಡಿ ಕಡೆ ರಬ್ಬರ್ ಜೊತೆಗೆ ಬಂದ ಕೇರಳದ ಸಿರಿಯನ್ ಕ್ರಿಶ್ಚಿಯನ್ನರು. ಇವರನ್ನು ಬಿಟ್ಟು ಬಾಡಿಗೆ ಕೋಣೆಯಲ್ಲೋ ಶೀಟಿನ ಹಾಲ್‌ನಲ್ಲೋ ಸೇರುವ ಸಣ್ಣ ಸಣ್ಣ ಸಭೆಗಳೂ ಉಂಟು. ಬ್ಯಾಪ್ಟಿಸ್ಟ್ ಅಂತ ಬೋರ್ಡ್ ಇರುವುದು ನಮ್ಮ ಕಡೆ ಅಪರೂಪ.

ದೇಶದ ಲೆಕ್ಕದಲ್ಲಿ ಅವರು ಸಣ್ಣವರಲ್ಲ. ನಾಗಾಲ್ಯಾಂಡಿನಲ್ಲಿ ಹೆಚ್ಚಿನವರು ಬ್ಯಾಪ್ಟಿಸ್ಟರೇ. ಆಂಧ್ರದ ತೆಲುಗು ಬ್ಯಾಪ್ಟಿಸ್ಟ್ ಸಭೆಗಳು ಹಳೆಯವು. ಬೆಂಗಳೂರು ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಲ್ಲಿ ಶುರುವಾದದ್ದು. 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿ ಬ್ಯಾಪ್ಟಿಸ್ಟ್ ಮಿಷನರಿ. ಶ್ರೀರಾಂಪುರದಲ್ಲಿ ಕೂತು 1817ರಲ್ಲಿ ಕನ್ನಡಕ್ಕೊಂದು ವ್ಯಾಕರಣ ಅಚ್ಚು ಹಾಕಿಸಿದ್ದೂ ಅವರೇ.

ಇಲ್ಲಿ ನಮಗೆ ಬೇಕಾದ ಸಂಗತಿ ಬೇರೆ. ಬ್ಯಾಪ್ಟಿಸ್ಟ್ ಸಭೆಗೆ ಮೇಲೆ ಬಿಷಪ್ ಇರುವುದಿಲ್ಲ. ಒಂದೊಂದು ಸಭೆಯೂ ಸ್ವತಂತ್ರ. ಪಾಸ್ಟರ್, ಕೆಲವು ಡೀಕನ್‌ಗಳು, ಸಭೆಯ ಜನ, ಅಷ್ಟೇ. ಬುದ್ಧಿ ಬಂದ ಮೇಲೆ ಸ್ವಂತ ತೀರ್ಮಾನದಿಂದ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ತೆಗೊಳ್ಳಬೇಕು. ಅಂದರೆ ಮೇಲಿನಿಂದ ಸುತ್ತೋಲೆ ಬಂದು ಗಂಡಸರ ಕೂಟ ಆಗುವುದಿಲ್ಲ. ಮೂವತ್ತು ಮನೆಯ ಸಭೆಯಾದರೆ ಆ ಮೂವತ್ತು ಮನೆಯ ಗಂಡಸರೇ ಎದ್ದು ಮಾಡಬೇಕು. ಕಷ್ಟವೂ ಅದೇ, ಅನುಕೂಲವೂ ಅದೇ.

ಹಳೆಯ ಕತೆ: ಕೆಲಸವೇ ಕೂಟ

ಕರಾವಳಿಯಲ್ಲಿ ಹಿಂದೆ ಗಂಡಸರು ಚರ್ಚಿಗೆ ಹೇಗೆ ಅಂಟಿಕೊಂಡರು ಅಂತ ನೋಡಿದರೆ ಉತ್ತರದ ಒಂದು ತುದಿ ಸಿಗ್ತದೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಅಂತ ಮೂವರು ಬಾಸೆಲ್ ಮಿಷನ್‌ನಿಂದ ಮಂಗಳೂರಿಗೆ ಬಂದರು. ಆ ಸಭೆಗೆ ಸೇರಿದವರಿಗೆ ಜಾತಿಯ ಕೆಲಸ ಹೋಯಿತು, ಕೆಲವರಿಗೆ ಕೂತ ಜಾಗವೂ ಹೋಯಿತು. ಹೊಟ್ಟೆಪಾಡಿಗೆ ದಾರಿ ಮಾಡಬೇಕಿತ್ತು. ಹಾಗೆ 1841ರಲ್ಲಿ ಮುದ್ರಣಾಲಯ, ನಂತರ ನೇಯ್ಗೆ, 1865ರಲ್ಲಿ ಹಂಚಿನ ಕಾರ್ಖಾನೆ. ಇವತ್ತಿಗೂ ಹಳೆ ಮನೆಗಳ ಮಾಡಿನಲ್ಲಿ ಮಂಗಳೂರು ಹಂಚು ಕಾಣುವುದು ಅದರಿಂದ.

ಆ ಕಾಲದ ಗಂಡಸು ಆರು ದಿನ ಕಾರ್ಖಾನೆಯಲ್ಲಿ ಯಾರ ಪಕ್ಕ ಕೆಲಸ ಮಾಡಿದನೋ ಏಳನೇ ದಿನ ಚರ್ಚಿನಲ್ಲಿ ಅವನ ಪಕ್ಕವೇ ಕೂರ್ತಿದ್ದ. ಅವರಿಗೆ ಬೇರೆ ಪುರುಷರ ಕೂಟ ಬೇಕಾಗಿಯೇ ಇರಲಿಲ್ಲ. ಮೊದಲ ಮಹಾಯುದ್ಧದ ಸಮಯ ಜರ್ಮನ್ ನಂಟಿನ ಕಾರಣಕ್ಕೆ ಆ ಉದ್ಯಮಗಳು ಮಿಷನ್ ಕೈತಪ್ಪಿದವು. ಕೆಲಸ ಒಂದು ಕಡೆ, ಪ್ರಾರ್ಥನೆ ಒಂದು ಕಡೆ ಆಯಿತು. ಈಗ ಒಬ್ಬ ರಬ್ಬರ್ ಟ್ಯಾಪಿಂಗ್, ಒಬ್ಬ ಆಟೋ, ಒಬ್ಬ ಗಲ್ಫ್. ಆದಿತ್ಯವಾರ ಒಂದು ಗಂಟೆ ಸಿಗುವವರಿಗೆ ಪರಸ್ಪರ ಹೆಸರು ಗೊತ್ತು, ಕಷ್ಟ ಗೊತ್ತಿಲ್ಲ.

ನಮ್ಮ ಸುತ್ತಲೇ ಇರುವ ಮಾದರಿಗಳು

ಸಿರೋ ಮಲಬಾರ್ ಚರ್ಚುಗಳಲ್ಲಿ ತಾಯಂದಿರಿಗೆ 'ಮಾತೃವೇದಿ' ಇರುವ ಹಾಗೆ ಅಪ್ಪಂದಿರಿಗೆ 'ಪಿತೃವೇದಿ' ಅಂತ ಉಂಟು. ಗಂಡಸು ಅಂತ ಕರೆಯುವುದಕ್ಕಿಂತ ಅಪ್ಪ ಅಂತ ಕರೆದರೆ ಬರುವವನಿಗೆ ಒಂದು ಜವಾಬ್ದಾರಿಯ ಹೆಸರು ಸಿಗ್ತದೆ. ಮಂಗಳೂರು ಕಡೆಯ ಕಥೊಲಿಕ್ ಚರ್ಚುಗಳಲ್ಲಿ ವಾಳೆಗೊಬ್ಬ ಗುರ್ಕಾರ ಇರ್ತಾರೆ. ತನ್ನ ವಾಳೆಯ ಮನೆಗಳ ಸುದ್ದಿ ಅವರಿಗೆ ಗೊತ್ತಿರಬೇಕು.

ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯದ್ದು ಇನ್ನೊಂದು ದಾರಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಇದು ಶುರುವಾಗುವಾಗ ಇದ್ದದ್ದು ಬೆರಳೆಣಿಕೆಯ ಜನ. ಮುಂದೆ ನಿಂತ ಫ್ರೆಡ್ರಿಕ್ ಓಝಾನಾಂಗೆ ಆಗ 20 ವರ್ಷ, ಕಾಲೇಜು ಹುಡುಗ. ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗುವುದು, ಬಂದು ಕೂತು ಮಾತಾಡುವುದು. ಇವತ್ತು ಅದು ಲೋಕ ಪೂರ್ತಿ ಉಂಟು. 'ನಮ್ಮಲ್ಲಿ ಜನ ಇಲ್ಲ' ಅನ್ನುವ ಸಣ್ಣ ಸಭೆಗಳು ಇದನ್ನು ನೆನಪಿಡಬೇಕು.

ಚರ್ಚಿನ ಹೊರಗೂ ಮಾದರಿ ಉಂಟು. 1982ರಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ 'ಪ್ರಗತಿಬಂಧು' ಸಂಘ ನಮ್ಮವರಿಗೆ ಹೊಸತಲ್ಲ. ಐದರಿಂದ ಎಂಟು ಜನ ಸಣ್ಣ ಕೃಷಿಕರು. ವಾರಕ್ಕೆ ಒಂದು ದಿನ ಎಲ್ಲರೂ ಸೇರಿ ಒಬ್ಬನ ಜಾಗದಲ್ಲಿ ಕೆಲಸ, ಮುಂದಿನ ವಾರ ಇನ್ನೊಬ್ಬನ ಜಾಗದಲ್ಲಿ. ಕೈಯಲ್ಲಿ ಹಾರೆ ಇರುವಾಗ ಗಂಡಸಿನ ಬಾಯಿ ತನ್ನಷ್ಟಕ್ಕೆ ಬಿಡ್ತದೆ. 'ಬನ್ನಿ, ಕೂತು ನಿಮ್ಮ ಕಷ್ಟ ಹೇಳಿ' ಅಂದರೆ ಒಬ್ಬನೂ ಹೇಳುವುದಿಲ್ಲ. ಕಟ್ಟಕ್ಕೆ ಮರಳಿನ ಚೀಲ ಹೊರುವಾಗ 'ಈ ಸಲ ಬ್ಯಾಂಕಿಂದ ನೋಟಿಸ್ ಬಂತು ಮಾರಾಯ' ಅಂತ ಬರ್ತದೆ.

ಆಸ್ಟ್ರೇಲಿಯಾದಲ್ಲಿ 1990ರ ದಶಕದಿಂದ 'ಮೆನ್ಸ್ ಶೆಡ್' ಅಂತ ನಡೀತಾ ಉಂಟು. ಒಂದು ಶೆಡ್, ಮರದ ಕೆಲಸದ ಸಾಮಾನು, ನಿವೃತ್ತರಾದ ಗಂಡಸರು. ಗಂಡಸರು ಎದುರು ಬದುರು ಕೂತು ಮಾತಾಡುವುದಿಲ್ಲ, ಹೆಗಲಿಗೆ ಹೆಗಲು ಕೊಟ್ಟು ಮಾತಾಡ್ತಾರೆ ಅನ್ನುವುದು ಅವರ ನಂಬಿಕೆ. ನಮ್ಮ ಶ್ರಮದಾನದಲ್ಲಿ ಇದು ಮೊದಲೇ ಇತ್ತಲ್ಲ!

ಹಾಗಾದರೆ ಎಂತ ಮಾಡುದು?

ಮೊದಲನೆಯದು ಸಮಯ. ಟ್ಯಾಪಿಂಗ್ ಮಾಡುವವನನ್ನು ಬೆಳಿಗ್ಗೆ ಏಳಕ್ಕೆ ಕರೆದರೆ ಬರುವುದು ಹೇಗೆ? ಮಳೆಗಾಲದಲ್ಲಿ ಒಂದು ದಿನ ಬಿಸಿಲು ಬಂದರೆ ಅವತ್ತು ಅಡಿಕೆಗೆ ಮದ್ದು ಬಿಡಲೇಬೇಕು, ಕೂಟ ಇಟ್ಟರೆ ಯಾರೂ ಬರುವುದಿಲ್ಲ. ಊರಿನ ಕೆಲಸದ ಕ್ಯಾಲೆಂಡರ್ ನೋಡಿ ದಿನ ಇಡಬೇಕು. ತಿಂಗಳಿಗೆ ಒಂದು ಸಾಕು, ಆದರೆ ತಪ್ಪಬಾರದು.

ಎರಡನೆಯದು ಕೆಲಸ. ಮೊದಲ ಕೂಟವೇ ಬೈಬಲ್ ಪಾಠ ಆದರೆ ಓದು ಕಡಿಮೆ ಇರುವವನು ಹಿಂದೆ ಸರೀತಾನೆ. ಒಬ್ಬ ವಿಧವೆಯ ಮನೆಯ ಮಾಡಿನ ಹಂಚು ಸರಿ ಮಾಡುವುದು, ಶಾಲೆಗೆ ಹೋಗುವ ದಾರಿಯ ಚರಂಡಿ ಬಿಡಿಸುವುದು, ಬೇಸಿಗೆಯಲ್ಲಿ ತೋಡಿಗೆ ಕಟ್ಟ ಹಾಕುವುದು. ಕೆಲಸ ಆದ ಮೇಲೆ ಚಹಾ, ಚಹಾದ ಜೊತೆ ಪ್ರಾರ್ಥನೆ. ಈ ಕ್ರಮ ತಿರುಗಿಸಿದರೆ ಕೆಲಸಕ್ಕೆ ಜನ ಉಳಿಯುವುದಿಲ್ಲ.

ಮೂರನೆಯದು ಪಾಸ್ಟರ್. ಎಲ್ಲದಕ್ಕೂ ಅವರೇ ಮುಂದೆ ನಿಂತರೆ ಅವರಿಗೆ ಬೇರೆ ಊರಿಗೆ ಹೋಗುವ ದಿನ ಕೂಟವೂ ಹೋಗ್ತದೆ. ಇಬ್ಬರು ಸಾಮಾನ್ಯ ಸದಸ್ಯರು ನಡೆಸಬೇಕು, ಪಾಸ್ಟರ್ ಬಂದು ಸಾಲಿನಲ್ಲಿ ಕೂರಬೇಕು.

ನಾಲ್ಕನೆಯದು ಬಾಟಲಿ. ಕುಡಿಯುವವನನ್ನು ಎಲ್ಲರೆದುರು ಎಬ್ಬಿಸಿ ಸಾಕ್ಷಿ ಹೇಳಿಸುವುದು ಅವನನ್ನು ಓಡಿಸುವ ಸುಲಭ ದಾರಿ. ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರ ನೋಡಿ. ಶಿಬಿರದ ದಿನಗಳಿಗಿಂತ ಮುಖ್ಯ ಅದರ ನಂತರದ 'ನವಜೀವನ ಸಮಿತಿ'. ಕುಡಿತ ಬಿಟ್ಟವರೇ ವಾರ ವಾರ ಸೇರ್ತಾರೆ. ಬಿಡುವುದು ಒಂದು ದಿನದ ಕೆಲಸ, ಬಿಟ್ಟೇ ಇರುವುದಕ್ಕೆ ಜೊತೆ ಬೇಕು.

ಐದನೆಯದು ಹಣ. ಸಣ್ಣ ಸಭೆ ಒಡೆಯುವುದು ದೇವರ ವಿಷಯಕ್ಕಿಂತ ಲೆಕ್ಕದ ವಿಷಯಕ್ಕೆ ಜಾಸ್ತಿ. ಇಪ್ಪತ್ತು ರೂಪಾಯಿಯ ಬನ್ ತಂದರೂ ಬರೆದಿಡಿ, ಎಲ್ಲರಿಗೆ ಕಾಣುವ ಹಾಗೆ ಗೋಡೆಗೆ ಅಂಟಿಸಿ.

ಸಂಶಯದ ವಿಷಯ

ಇದನ್ನು ಹೇಳದೆ ಬಿಟ್ಟರೆ ಬರಹ ಅರ್ಧ ಆಗ್ತದೆ. ನಮ್ಮ ತಾಲೂಕಿನಲ್ಲಿ ಸಣ್ಣ ಪ್ರಾರ್ಥನಾ ಕೂಟ ಅಂದ ಕೂಡಲೇ 'ಮತಾಂತರವಾ?' ಅನ್ನುವ ಪ್ರಶ್ನೆ ಬರ್ತದೆ. 2022ರ ಕಾಯ್ದೆಯ ಸಮಯದ ಚರ್ಚೆ ಎಲ್ಲರಿಗೂ ನೆನಪುಂಟು. ಬಾಗಿಲು ಹಾಕಿ ಕೂತರೆ ಸಂಶಯ ಬೆಳೀತದೆ, ಆ ಹೆದರಿಕೆಯಿಂದ ಸಭೆಯ ಗಂಡಸರೂ ದೂರ ನಿಲ್ತಾರೆ. ಅಂಗಡಿಯಲ್ಲಿ, ಆಟೋ ಸ್ಟ್ಯಾಂಡಿನಲ್ಲಿ ಉತ್ತರ ಕೊಡಬೇಕಾದವರು ಅವರೇ ಅಲ್ಲವಾ.

ಇದಕ್ಕೂ ಹಾರೆ ಪಿಕ್ಕಾಸಿನ ದಾರಿಯೇ ಒಳ್ಳೆಯದು ಅಂತ ನನಗೆ ಕಾಣ್ತದೆ. ರಸ್ತೆ ಬದಿ ಪೊದೆ ಕಡಿಯುವವರನ್ನು ನೋಡಿ ಯಾರೂ ಹೆದರುವುದಿಲ್ಲ. ಆದರೆ ಒಂದು ಷರತ್ತು. ಸಹಾಯಕ್ಕೆ ಗಾಳ ಇರಬಾರದು. ಮಾಡು ಸರಿ ಮಾಡಿಕೊಟ್ಟ ಮನೆಗೆ ಮರುದಿನ 'ಆದಿತ್ಯವಾರ ಬನ್ನಿ' ಅಂತ ಹೋದರೆ ಮಾಡಿದ ಕೆಲಸದ ಬೆಲೆ ಹೋಗ್ತದೆ. ಹಾಗೆಯೇ, ಕೆಲಸ ಮಾಡುವವರ ಕುತ್ತಿಗೆಯಲ್ಲಿ ಶಿಲುಬೆ ಉಂಟಾ ಅಂತ ನೋಡಿ ತಡೆಯುವವರಿಗೂ ಊರಿನ ಹಿರಿಯರು ಎರಡು ಮಾತು ಹೇಳಬೇಕು.

ಅಂಗಡಿಯವರಿಗೆ ಒಂದು ಮಾತು

ಊರಿನಲ್ಲಿ ಯಾರು ಮುಳುಗ್ತಾ ಇದ್ದಾರೆ ಅಂತ ಪಾಸ್ಟರಿಗಿಂತ, ಭಟ್ರಿಗಿಂತ, ಉಸ್ತಾದರಿಗಿಂತ ಮೊದಲು ಗೊತ್ತಾಗುವುದು ನಿಮಗೆ. ನಿಮ್ಮ ಸಾಲದ ಪುಸ್ತಕದಲ್ಲಿ ಕಾಣ್ತದೆ. ತಿಂಗಳ ಕೊನೆಗೆ ಸರಿಯಾಗಿ ಕೊಡ್ತಿದ್ದವ ದಾರಿ ತಪ್ಪಿಸಿ ಹೋಗುವುದು, ಅಕ್ಕಿ ಕಡಿಮೆ ಆಗಿ ಸಿಗರೇಟು ಜಾಸ್ತಿ ಆಗುವುದು, ಮಾತಾಡುವವ ಮಾತು ನಿಲ್ಲಿಸುವುದು. ಅಂಥವರು ಕಂಡರೆ ಅವರ ಕಡೆಯ ಒಬ್ಬರಿಗೆ ಮೆಲ್ಲ ಹೇಳಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರ್ ಕ್ಯಾಶ್ ಕೌಂಟರ್ ಹತ್ತಿರ ಬರೆದು ಅಂಟಿಸಿದರೆ ಖರ್ಚು ಎಂತ ಉಂಟು?

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಕೂತಿದ್ದ ವರ್ಷ ಬುದ್ಧಿ ಹೇಳಿದವರು ತುಂಬಾ ಜನ. ಅವರು ಹೇಳಿದ್ದು ಒಂದೂ ನೆನಪಿಲ್ಲ. ನೆರೆಮನೆಯ ಮಾವ ಒಬ್ಬರು ಮಾತ್ರ ಎಂತದ್ದೂ ಕೇಳದೆ, 'ನಾಳೆ ಪೈಪ್ ಎಳೀಲಿಕ್ಕುಂಟು, ಒಬ್ಬನಿಂದ ಆಗುವುದಿಲ್ಲ, ಬಾ' ಅಂತ ಕರೆದರು. ಹೋದೆ. ಸಂಜೆ ಬರುವಾಗ ನಾನೇ ಎಲ್ಲ ಹೇಳಿ ಆಗಿತ್ತು.

ಚರ್ಚಿನ ಕೂಟ ಆಗಲಿ, ಭಜನಾ ಮಂಡಳಿ ಆಗಲಿ, ಯುವಕ ಮಂಡಲ ಆಗಲಿ, ಬ್ಯಾನರ್ ಪ್ರಿಂಟ್ ಮಾಡುವ ಮೊದಲು ಇಷ್ಟು ಮಾಡಿ ನೋಡಿ. ಹೊರಗೆ ಸ್ಕೂಟರ್ ಹತ್ತಿರ ನಿಂತವನ ಬಳಿ ಹೋಗಿ, 'ಒಳಗೆ ಬಾ' ಅನ್ನುವ ಮೊದಲು 'ಶನಿವಾರ ಒಂದು ಕೆಲಸ ಉಂಟು, ನೀನು ಬೇಕು' ಅಂತ ಹೇಳಿ.