ಹತ್ತನೇ ತರಗತಿಗೇ ನಿಂತುಹೋದ ಮೊಟ್ಟೆ

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 10ನೇ ತರಗತಿವರೆಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಾರೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಅದು ವಾರಕ್ಕೆ 6 ದಿನ ಆಯಿತು. ಪಿಯುಸಿಗೆ ಬಂದ ನಮಗೆ ಅದು ಇಲ್ಲ. ಬೆಳೆಯುವ ವಯಸ್ಸು ಮಾತ್ರ ಇನ್ನೂ ಮುಗಿದಿಲ್ಲ.

ಬೆಂದ ಮೊಟ್ಟೆಯ ಡಬ್ಬಿ ತೆರೆದರೆ ಕೆಲವರು ಮೂಗು ಮುಚ್ಚಿಕೊಳ್ಳುತ್ತಾರೆ. ಆ ವಾಸನೆ ಗಂಧಕದ್ದು. ನಮ್ಮ ಮನೆಯ ಉರ್ದುವಿನಲ್ಲೂ ಅದು ಗಂಧಕ್. ಪಟಾಕಿಯಲ್ಲಿ ಮಾತ್ರವಲ್ಲ, ನಮ್ಮ ಕೂದಲು, ಉಗುರು, ಸ್ನಾಯುಗಳಲ್ಲೂ ಗಂಧಕವಿದೆ. ಅದು ಮುಖ್ಯವಾಗಿ ಸಿಗುವುದು ಪ್ರೋಟೀನಿನಲ್ಲಿರುವ ಮೆಥಿಯೊನಿನ್ ಮತ್ತು ಸಿಸ್ಟೀನ್ ಎಂಬ ಅಮೈನೋ ಆಮ್ಲಗಳಿಂದ. ಮೆಥಿಯೊನಿನ್ ಅನ್ನು ದೇಹ ತಾನೇ ತಯಾರಿಸಲಾರದು, ಊಟದಿಂದಲೇ ಬರಬೇಕು.

ಬೆಳ್ಳುಳ್ಳಿ, ಈರುಳ್ಳಿಯ ಘಾಟಿಗೂ ಗಂಧಕವೇ ಕಾರಣ. ಆದರೆ ಅವುಗಳಲ್ಲಿ ಪ್ರೋಟೀನ್ ಕಡಿಮೆ, ನಾವು ತಿನ್ನುವುದೂ ಸ್ವಲ್ಪವೇ. ವಾಸನೆಯೇ ಇಲ್ಲದ ರಾಗಿಮುದ್ದೆ, ಅವರೆಕಾಳು ಸಾರಿನಿಂದ ಹೆಚ್ಚು ಲಾಭ. ಕಾಳಿನಲ್ಲಿ ಮೆಥಿಯೊನಿನ್ ಕಡಿಮೆ, ರಾಗಿಯಲ್ಲಿ ಚೆನ್ನಾಗಿದೆ. ರಾಗಿಯಲ್ಲಿ ಕಡಿಮೆಯಿರುವ ಲೈಸಿನ್ ಕಾಳಿನಲ್ಲಿದೆ. ಒಂದರ ನಷ್ಟವನ್ನು ಇನ್ನೊಂದು ತುಂಬುತ್ತದೆ. ನಮ್ಮ ಹಾಸನದ ಅಜ್ಜಿಯರು ಈ ಲೆಕ್ಕವನ್ನು ಯಾವ ಕಾಲೇಜಿಗೂ ಹೋಗದೆ ಸರಿಮಾಡಿದ್ದಾರೆ.

ಈಗ ಕಾಮರ್ಸ್ ವಿದ್ಯಾರ್ಥಿಯಾಗಿ ನನ್ನ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 15 ಮಿಲಿಗ್ರಾಂ ಈ ಎರಡು ಆಮ್ಲಗಳು ಬೇಕು. 50 ಕೆಜಿ ಇರುವವರಿಗೆ 750 ಮಿಲಿಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 300 ಮಿಲಿಗ್ರಾಂ ಸಿಗುತ್ತದೆ, ಅದರ ಜೊತೆಗೆ 6 ಗ್ರಾಂ ಪ್ರೋಟೀನ್. 10 ರೂಪಾಯಿಯ ಕುರುಕಲು ಪ್ಯಾಕೆಟ್‌ನಲ್ಲಿ ಹೆಚ್ಚಾಗಿ ಇರುವುದು ಎಣ್ಣೆ, ಹಿಟ್ಟು, ಉಪ್ಪು. ಬೆಳಗಿನ ಬಸ್ಸು ತಪ್ಪಬಾರದೆಂದು ಖಾಲಿ ಹೊಟ್ಟೆಯಲ್ಲಿ ಬಿಕ್ಕೋಡಿಗೆ ಬರುವ ನಮ್ಮಲ್ಲಿ ಎಷ್ಟೋ ಜನರ ನಾಷ್ಟಾ ಆ ಪ್ಯಾಕೆಟ್ಟೇ.

ಮೊಟ್ಟೆ ತಿನ್ನದ ಗೆಳೆಯರೂ ನಮ್ಮಲ್ಲಿದ್ದಾರೆ. ಶಾಲೆಯಲ್ಲಿ ಅವರಿಗೆ ಬಾಳೆಹಣ್ಣು ಕೊಡುತ್ತಿದ್ದರು. ಬಾಳೆಹಣ್ಣು ಒಳ್ಳೆಯದೇ, ಆದರೆ ಅದರಲ್ಲಿ ಪ್ರೋಟೀನ್ ಸುಮಾರು 1 ಗ್ರಾಂ. ಅರ್ಥಶಾಸ್ತ್ರದ ಭಾಷೆಯಲ್ಲಿ ಅದು ಮೊಟ್ಟೆಗೆ ಬದಲಿ ಸರಕಲ್ಲ. ಮೆಥಿಯೊನಿನ್ ಚೆನ್ನಾಗಿರುವ ಎಳ್ಳು, ಪ್ರೋಟೀನ್ ಹೆಚ್ಚಿರುವ ಕಡಲೆಬೀಜ ಸೇರಿಸಿದ ಬೆಲ್ಲದುಂಡೆ ಬದಲಿಯಾಗಬಲ್ಲದು.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ಮತ್ತು ಪ್ರಾಂಶುಪಾಲರಲ್ಲಿ ನನ್ನ ವಿನಂತಿ: ಮಧ್ಯಾಹ್ನದ ಬಿಡುವಿನಲ್ಲಿ ಕೊಂಡ ಬೆಲೆಗೇ ಬೆಂದ ಮೊಟ್ಟೆ ಮತ್ತು ಎಳ್ಳುಂಡೆ ಸಿಗುವಂತೆ ಮಾಡಿ. ಪುಕ್ಕಟೆ ಬೇಡ. ಲೆಕ್ಕಪುಸ್ತಕ ಬರೆಯಲು ಕಾಮರ್ಸ್ ವಿಭಾಗದ ನಾವಿದ್ದೇವೆ. ವಾಸನೆಗೆ ಕಿಟಕಿ ತೆರೆದರಾಯಿತು.