ಜೇನುಚೌಕಟ್ಟಿಗೆ ಮೊಳೆಗನ್ನು: ಕೊಳ್ಳುವ ಮುನ್ನ ಒಂದು ಲೆಕ್ಕಾಚಾರ

ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಉದ್ಯೋಗಕ್ಕೆ ಧಾವಿಸುವ ನಮ್ಮಂಥವರಿಗೆ ಊರಿನಿಂದ ಬರುವ ಬೇಡಿಕೆಗಳು ಹಲವು ಬಗೆಯವು. ಮುಂಬಯಿಯಲ್ಲಿ ಸಿಗದ ವಸ್ತುವೇ ಇಲ್ಲವೆಂಬ ನಂಬಿಕೆ ಊರಿನವರಲ್ಲಿ ಇಂದಿಗೂ ಅಚಲವಾಗಿದೆ. ಕಳೆದ ವರ್ಷ ಸುಳ್ಯದ ಕಡೆಯ ನಮ್ಮ ತೋಟದ ಮನೆಯಿಂದ ಅಣ್ಣನವರು ಫೋನು ಮಾಡಿ, ಜೇನುಪೆಟ್ಟಿಗೆಯ ಚೌಕಟ್ಟುಗಳನ್ನು ಜೋಡಿಸಲು ಒಂದು ಮೊಳೆಗನ್ನು ಬೇಕೆಂದರು. ಸುತ್ತಿಗೆಯ ಬದಲು ಗಾಳಿಯ ಒತ್ತಡದಿಂದ ಮೊಳೆ ಹೊಡೆಯುವ ಸಲಕರಣೆಯಿದು. ಥಾಣೆ, ಕಲ್ಯಾಣ, ನವಿ ಮುಂಬಯಿಗಳ ಹೊಸ ಫ್ಲ್ಯಾಟುಗಳಲ್ಲಿ ಬಡಗಿಗಳು ದಿನವಿಡೀ ‘ಟಕ್ ಟಕ್’ ಎನಿಸುವುದು ಇದನ್ನೇ.

ನಾನು ಥಾಣೆಯ ಒಂದು ಅಂಗಡಿಗೆ ಹೋಗಿ ಅರ್ಧ ಗಂಟೆಯಲ್ಲಿ ವ್ಯವಹಾರ ಮುಗಿಸಿದೆ. ಗನ್ನು ಮತ್ತು ಚಿಕ್ಕ ಕಂಪ್ರೆಸರ್ ಸೇರಿ ಹದಿನಾರು ಸಾವಿರ ರೂಪಾಯಿ. ಸಾಲದ ಅರ್ಜಿಯೊಂದನ್ನು ಹತ್ತು ಪ್ರಶ್ನೆ ಕೇಳದೆ ಮುಂದಕ್ಕೆ ಕಳುಹಿಸದ ನಾನು ಅಂದು ಕೇಳಿದ ಪ್ರಶ್ನೆ ಒಂದೇ: “ವೇಗವಾಗಿ ಹೊಡೆಯುತ್ತದೆಯೇ?” ಹೊಡೆಯಿತು. ಊರು ತಲುಪಿದ ಮೂರನೆಯ ದಿನವೇ ಅಣ್ಣನ ಮಗನ ಎಡಗೈಯ ತೋರುಬೆರಳನ್ನು ಒಂದು ಮೊಳೆ ಹಾದುಹೋಯಿತು. ದೇವರ ದಯದಿಂದ ಎಲುಬಿಗೆ ತಾಗಲಿಲ್ಲ, ಬೆರಳು ಉಳಿಯಿತು. ಆದರೆ ಮಡಚುವಾಗ ಇಂದಿಗೂ ಸ್ವಲ್ಪ ಬಿಗಿಯುತ್ತದೆಯಂತೆ. ತಪ್ಪು ಹುಡುಗನದಲ್ಲ, ಯಂತ್ರದ್ದೂ ಪೂರ್ಣವಾಗಿ ಅಲ್ಲ, ಆರಿಸಿದವನದು. ಆದುದರಿಂದಲೇ ಈ ಲೇಖನ.

ಮೊದಲಿಗೆ, ಇಷ್ಟೊಂದು ಚೌಕಟ್ಟು ಏಕೆ ಬೇಕಾಯಿತು ಎಂಬುದನ್ನು ಹೇಳಬೇಕು. ನಮ್ಮ ತಂದೆಯವರು ತುಡುವೆ ಜೇನನ್ನು ಸಾಕುತ್ತಿದ್ದರು. 1991-92ರಲ್ಲಿ ದಕ್ಷಿಣ ಭಾರತಕ್ಕೆ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ತುಡುವೆಯ ಮರಿಹುಳುಗಳನ್ನು ಕೊಂದು, ಬಹುಪಾಲು ಕುಟುಂಬಗಳನ್ನು ನಾಶಮಾಡಿತು. ನಮ್ಮ ಪೆಟ್ಟಿಗೆಗಳೂ ಬರಿದಾಗಿ ಅಟ್ಟ ಸೇರಿದವು. ಎರಡು ವರ್ಷಗಳ ಹಿಂದೆ ಅಣ್ಣನವರು ಹತ್ತು ಪೆಟ್ಟಿಗೆಗಳಿಂದ ಪುನಃ ಆರಂಭಿಸಲು ನಿರ್ಧರಿಸಿದರು. ರೋಗ ಕಂಡ ಹಳೆಯ ಚೌಕಟ್ಟನ್ನು ಮತ್ತೆ ಬಳಸಬಾರದಷ್ಟೆ; ಎಲ್ಲವೂ ಹೊಸದೇ ಆಗಬೇಕು. ಕೆಳಗಿನ ಸಂಸಾರ ಕೋಣೆಗೆ ಎಂಟು, ಮೇಲಿನ ಜೇನು ಕೋಣೆಗೆ ಎಂಟು. ಹತ್ತು ಪೆಟ್ಟಿಗೆಗೆ 160 ಚೌಕಟ್ಟು.

ಚೌಕಟ್ಟೆಂದರೆ ಮೇಲುಪಟ್ಟಿ, ಎರಡು ಪಕ್ಕಪಟ್ಟಿ, ಒಂದು ತಳಪಟ್ಟಿ, ಇಷ್ಟೇ. ಆದರೆ ಆಧುನಿಕ ಜೇನುಸಾಕಣೆಯ ರಹಸ್ಯವೆಲ್ಲ ಇದರ ಸುತ್ತ ಬಿಡುವ ಸಂದಿನಲ್ಲಿದೆ. ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಈ ಸಂದಿಯ ಮಹತ್ವವನ್ನು ಮನಗಂಡು, ಕಳಚಿ ತೆಗೆಯಬಲ್ಲ ಚೌಕಟ್ಟಿನ ಪೆಟ್ಟಿಗೆಯನ್ನು ರೂಪಿಸಿದರು. ಅಲ್ಲಿಯ ಜೇನಿಗೆ ಈ ಸಂದಿ ಸುಮಾರು 9 ಮಿಲಿಮೀಟರ್; ನಮ್ಮ ತುಡುವೆಗೆ ಇನ್ನೂ ಸ್ವಲ್ಪ ಕಡಿಮೆ. ಹೆಚ್ಚು ಬಿಟ್ಟರೆ ನೊಣಗಳು ಅಲ್ಲಿಯೂ ಎರಿ ಕಟ್ಟಿ ಬೆಸೆದುಬಿಡುತ್ತವೆ. ಕಡಿಮೆಯಾದರೆ ಅವುಗಳಿಗೆ ಓಡಾಡಲು ದಾರಿಯಿಲ್ಲ. ಆದುದರಿಂದ ಚೌಕಟ್ಟು ಓರೆಯಾಗಬಾರದು, ಜೇನಿನ ಭಾರಕ್ಕೆ ಸಡಿಲವಾಗಬಾರದು, ಜೇನು ತೆಗೆಯುವ ಯಂತ್ರದಲ್ಲಿ ತಿರುಗಿಸಿದಾಗ ಬಿಚ್ಚಬಾರದು. ವೇಗದ ಪ್ರಶ್ನೆ ಇವೆಲ್ಲದರ ನಂತರದ್ದು.

ಇನ್ನು ವಾಣಿಜ್ಯ ಪದವೀಧರನ ಲೆಕ್ಕ. ಅಣ್ಣನವರ ಕೈಗೆ ಒಂದು ಚೌಕಟ್ಟಿಗೆ ಸುತ್ತಿಗೆಯಿಂದ ಆರು ನಿಮಿಷ ಹಿಡಿಯುತ್ತದೆ. 160ಕ್ಕೆ ಹದಿನಾರು ಗಂಟೆ. ಗನ್ನಿನಿಂದ ತಲಾ ಎರಡು ನಿಮಿಷ. ಒಟ್ಟು ಐದು ಗಂಟೆ ಇಪ್ಪತ್ತು ನಿಮಿಷ. ಉಳಿತಾಯ ಹತ್ತು ಗಂಟೆ ನಲವತ್ತು ನಿಮಿಷ. ಹದಿನಾರು ಸಾವಿರವನ್ನು ಇದರಿಂದ ಭಾಗಿಸಿದರೆ, ಉಳಿಸಿದ ಒಂದೊಂದು ಗಂಟೆಗೆ ನಾವು ತೆತ್ತದ್ದು 1,500 ರೂಪಾಯಿ! ಚೌಕಟ್ಟುಗಳು ಅನೇಕ ವರ್ಷ ಬಾಳುವುದರಿಂದ ಮುಂದಿನ ವರ್ಷ ಈ ಯಂತ್ರಕ್ಕೆ ಹೆಚ್ಚಿನ ಕೆಲಸವೂ ಇಲ್ಲ. ಅದೇ ಯಂತ್ರವನ್ನು ಹತ್ತು ಹತ್ತು ಪೆಟ್ಟಿಗೆಯ ಐದು ಮನೆಯವರು ಕೂಡಿ ಕೊಂಡರೆ ಚೌಕಟ್ಟು 800, ಉಳಿತಾಯ ಐವತ್ತಮೂರು ಗಂಟೆಯ ಮೇಲೆ, ಗಂಟೆಯೊಂದಕ್ಕೆ ವೆಚ್ಚ 300 ರೂಪಾಯಿ. ಹತ್ತು ಪೆಟ್ಟಿಗೆಯ ಒಬ್ಬನೇ ಸಾಕಣೆದಾರನಿಗೆ ಮೊಳೆಗನ್ನು ಅನಗತ್ಯ. ಕೂಡಿ ಕೊಳ್ಳುವವರಿಗೆ ಅದು ಸಾರ್ಥಕ. ಇದು ನನ್ನ ಖಚಿತ ಅಭಿಪ್ರಾಯ. ವಿರಾಜಪೇಟೆಯಲ್ಲಿ, ಪುತ್ತೂರಿನಲ್ಲಿ ಜೇನುಸಾಕಣೆದಾರರು ಸಹಕಾರಿ ಸಂಘಗಳನ್ನು ಕಟ್ಟಿದ ನಾಡು ನಮ್ಮದು. ಜೇನನ್ನು ಕೂಡಿ ಮಾರಬಲ್ಲವರು ಸಲಕರಣೆಯನ್ನು ಕೂಡಿ ಕೊಳ್ಳಲಾರರೇ?

ಕೊಳ್ಳುವುದೇ ನಿಶ್ಚಯವಾದರೆ ಯಾವುದನ್ನು ಕೊಳ್ಳಬೇಕು? ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆ ತೋರಿಸುತ್ತಾರೆ. ಒಂದು, ಸೋಫಾ ಮಾಡುವವರ ಸ್ಟೇಪಲ್ ಗನ್ನು. ಇದರ ತಂತಿ ತೆಳು, ಕಾಲು ಗಿಡ್ಡ. ಬಟ್ಟೆ ಹಿಡಿಯಲು ಸರಿ, ಚೌಕಟ್ಟಿಗೆ ಸಲ್ಲದು. ಎರಡು, ತಲೆಯೇ ಇಲ್ಲದ ಸೂಜಿಯಂಥ ಪಿನ್ ಹೊಡೆಯುವುದು. ಅಲಂಕಾರದ ಪಟ್ಟಿಗೆ ಚೆನ್ನ, ಎಳೆತಕ್ಕೆ ನಿಲ್ಲದು. ಮೂರು, 18 ಗೇಜಿನ ಸಣ್ಣ ತಲೆಯ ಬ್ರ್ಯಾಡ್ ಮೊಳೆಯ ಗನ್ನು. 25ರಿಂದ 30 ಮಿಲಿಮೀಟರ್ ಉದ್ದದ ಮೊಳೆ ಹಾಕಿದರೆ ಚೌಕಟ್ಟಿಗೆ ಇದು ಒಪ್ಪುತ್ತದೆ. ಕಾಲಿಂಚು ಅಗಲದ, ಉದ್ದ ಕಾಲಿನ ಸ್ಟೇಪಲ್ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಆದರೆ ತುಡುವೆಯ ಚೌಕಟ್ಟಿನ ತೆಳ್ಳನೆಯ ಪಟ್ಟಿಯನ್ನು ಸೀಳುವ ಸಂಭವವುಂಟು. ಒಂದೆರಡು ತುಂಡು ಮರವನ್ನು ಜೊತೆಗೊಯ್ದು ಅಂಗಡಿಯಲ್ಲೇ ಹೊಡೆದು ನೋಡುವುದು ಲೇಸು. ಬ್ಯಾಟರಿಯ ಗನ್ನಿಗೆ ಕಂಪ್ರೆಸರ್ ಬೇಡವಾದರೂ ಅದು ಭಾರ, ಬೆಲೆಯೂ ಹೆಚ್ಚು. ಯಾವುದನ್ನೇ ಕೊಂಡರೂ ಮೊಳೆಯೊಂದನ್ನೇ ನಂಬಬಾರದು. ಪ್ರತಿ ಕೂಡಿಗೂ ನೀರು ತಡೆಯುವ ಮರದ ಅಂಟು ಹಚ್ಚಬೇಕು. ಮೇಲಿನಿಂದ ಹೊಡೆದ ಮೊಳೆಯಲ್ಲದೆ, ಪಕ್ಕಪಟ್ಟಿಯ ಮೂಲಕ ಮೇಲುಪಟ್ಟಿಗೆ ಅಡ್ಡಲಾಗಿ ಒಂದು ಮೊಳೆ ಅವಶ್ಯ. ಚೌಕಟ್ಟನ್ನು ಎಬ್ಬಿ ಎತ್ತುವಾಗ ಮೇಲುಪಟ್ಟಿ ಕಿತ್ತು ಬಾರದಂತೆ ತಡೆಯುವುದು ಆ ಅಡ್ಡಮೊಳೆಯೇ.

ಈಗ ನಾನು ಕೇಳಲು ಮರೆತ ಪ್ರಶ್ನೆಗೆ ಬರುತ್ತೇನೆ: ಗನ್ನಿನ ಕುದುರೆ, ಅಂದರೆ ಟ್ರಿಗರ್, ಯಾವ ಬಗೆಯದು? ಒಂದು ಬಗೆಯಲ್ಲಿ ಕುದುರೆಯನ್ನು ಒತ್ತಿ ಹಿಡಿದಿದ್ದರೆ ಸಾಕು, ಮೂತಿ ಎಲ್ಲಿ ತಾಗಿದರೂ ಮೊಳೆ ಹಾರುತ್ತದೆ. ಅದು ಮರವೋ ಬೆರಳೋ ಎಂಬ ವಿವೇಕ ಅದಕ್ಕಿಲ್ಲ. ಇನ್ನೊಂದು ಬಗೆಯಲ್ಲಿ ಮೊದಲು ಮೂತಿಯನ್ನು ಮರಕ್ಕೆ ಒತ್ತಬೇಕು, ಆಮೇಲೆ ಕುದುರೆ ಎಳೆಯಬೇಕು. ಎರಡನ್ನೂ ಬಿಟ್ಟ ಹೊರತು ಮತ್ತೊಂದು ಮೊಳೆ ಹೊರಡದು. ಇದಕ್ಕೆ ಸೀಕ್ವೆನ್ಶಿಯಲ್ ಟ್ರಿಗರ್ ಎನ್ನುತ್ತಾರೆ. ಮೊದಲ ಬಗೆಯಲ್ಲಿ ಗಾಯದ ಅಪಾಯ ಎರಡನೆಯದರ ಸುಮಾರು ಇಮ್ಮಡಿ ಎಂದು ಅಮೆರಿಕದ ಸರಕಾರಿ ಸುರಕ್ಷತಾ ಸಂಸ್ಥೆಗಳು 2011ರ ತಮ್ಮ ಕೈಪಿಡಿಯಲ್ಲಿ ಎಚ್ಚರಿಸಿವೆ. 2001ರಿಂದ 2005ರವರೆಗೆ ಆ ದೇಶದಲ್ಲಿ ಮೊಳೆಗನ್ನಿನ ಗಾಯಕ್ಕಾಗಿ ತುರ್ತು ಚಿಕಿತ್ಸೆಗೆ ಬಂದವರು ವರ್ಷಕ್ಕೆ ಸುಮಾರು 37,000 ಮಂದಿ. ಅವರಲ್ಲಿ ನಮ್ಮ ಹುಡುಗನಂತೆ ಮನೆಗೆಲಸ ಮಾಡಿಕೊಳ್ಳುತ್ತಿದ್ದವರೂ ಬಹುಮಂದಿ. ನಾನು ಕೊಂಡದ್ದು ಮೊದಲ ಬಗೆಯದು. ವೇಗವನ್ನೇ ಕೇಳಿದವನಿಗೆ ವೇಗವನ್ನೇ ಕೊಟ್ಟರು.

ಎರಡನೆಯ ರಕ್ಷಣೆಗೆ ಬೆಲೆಯೇ ಇಲ್ಲ. ಹತ್ತು ಚೌಕಟ್ಟುಗಳ ಪಟ್ಟಿಗಳನ್ನು ಒಟ್ಟಿಗೆ ಬಿಗಿಯಾಗಿ ಹಿಡಿದಿಡುವ ಒಂದು ಮರದ ಅಚ್ಚನ್ನು ಊರಿನ ಬಡಗಿ ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ. ಪಕ್ಕಪಟ್ಟಿಯ ದಪ್ಪ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಮರದ ಎಳೆ ಅಥವಾ ಗಂಟು ಸಿಕ್ಕಿದಲ್ಲಿ ತೆಳು ಮೊಳೆ ಡೊಂಕಾಗಿ ಪಕ್ಕಕ್ಕೆ ಹೊರಬರುತ್ತದೆ; ಪಟ್ಟಿಯನ್ನು ಹಿಡಿದ ಬೆರಳು ಅಲ್ಲಿಯೇ ಇರುತ್ತದೆ. ಅಚ್ಚಿದ್ದರೆ ಬೆರಳಿಗೆ ಅಲ್ಲಿ ಕೆಲಸವಿಲ್ಲ, ಚೌಕಟ್ಟೂ ಓರೆಯಾಗದು. ಸುತ್ತಿಗೆಯವರಿಗೂ ಇದು ಅಷ್ಟೇ ಉಪಕಾರಿ. ಅಚ್ಚು ಮೊದಲು, ಗನ್ನು ಆಮೇಲೆ ಎಂಬುದೇ ಸರಿಯಾದ ಕ್ರಮ.

ಈ ಸಂಚಿಕೆಯಲ್ಲಿ ವೈದ್ಯರ ಲೇಖನಗಳೂ ಇರುವುದರಿಂದ ಆರೋಗ್ಯದ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕಣ್ಣಿಗೆ ಪಕ್ಕವೂ ಮುಚ್ಚುವ ಕನ್ನಡಕ ಬೇಕು. ಸಿಡಿದ ಮೊಳೆಗೆ ದಿಕ್ಕಿಲ್ಲ. ಕಿವಿಗೆ ರಕ್ಷಣೆ ಬೇಕು. ಸಿಕ್ಕಿಕೊಂಡ ಮೊಳೆಯನ್ನು ಬಿಡಿಸುವ ಮುನ್ನ ಗಾಳಿಯ ಕೊಳವೆಯನ್ನು ಕಳಚಲೇಬೇಕು. ಮೊಳೆ ಕೈಗೆ ಆಳವಾಗಿ ನಾಟಿದರೆ ಸ್ವತಃ ಕೀಳಲು ಹೋಗದೆ, ಕೈಯನ್ನು ಅಲುಗಿಸದೆ ವೈದ್ಯರಲ್ಲಿಗೆ ಹೋಗುವುದು ಕ್ಷೇಮ. ಒಳಗೆ ನರಕ್ಕೋ ಎಲುಬಿಗೋ ಕೀಲಿಗೋ ತಗುಲಿದೆಯೆಂಬುದು ಹೊರಗಿನಿಂದ ಕಾಣದು. ಗಾಯ ಸಣ್ಣದೆಂದು ಧನುರ್ವಾಯು ಚುಚ್ಚುಮದ್ದಿನ ವಿಚಾರವನ್ನು ಮರೆಯಬಾರದು.

ಓದುಗ ಬಾಂಧವರಲ್ಲಿ ಕೊನೆಯದಾಗಿ ಒಂದು ಮಾತು. ಕೇಂದ್ರ ಸರಕಾರ 2020ರಲ್ಲಿ ಜೇನುಸಾಕಣೆಗಾಗಿ 500 ಕೋಟಿ ರೂಪಾಯಿಗಳ ಯೋಜನೆಯನ್ನು ಪ್ರಕಟಿಸಿದ ಮೇಲೆ ಊರಿನಲ್ಲಿ ಈ ಕಸುಬಿನ ಬಗ್ಗೆ ಆಸಕ್ತಿ ಮರುಕಳಿಸಿದೆ. ನಿಮಗೂ ಇಂಥ ಬೇಡಿಕೆ ಬಂದೀತು. ಊರಿಗೆ ಸಮಯ ಕೊಡಲಾರದ ನಾವು ಅದಕ್ಕೆ ಬದಲಾಗಿ ಯಂತ್ರಗಳನ್ನು ಕಳುಹಿಸಿ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಕಳುಹಿಸಬಾರದೆಂದು ನಾನು ಹೇಳುತ್ತಿಲ್ಲ. ಅದನ್ನು ಯಾರ ಕೈ ಹಿಡಿಯುತ್ತದೆ ಎಂಬುದನ್ನು ನೆನೆದು ಆರಿಸಬೇಕು ಎನ್ನುತ್ತೇನೆ. ನಾನು ಆ ಗನ್ನನ್ನು ಹಿಂದಕ್ಕೆ ತರಿಸಿ, ಸ್ವಲ್ಪ ನಷ್ಟ ಸಹಿಸಿ, ಸೀಕ್ವೆನ್ಶಿಯಲ್ ಟ್ರಿಗರಿನದನ್ನು ಕೊಂಡೆ. ಈಗ ಅದು ನೆರೆಯ ನಾಲ್ಕು ಮನೆಗಳಿಗೂ ಸಲ್ಲುತ್ತದೆ. ದೀಪಾವಳಿಯ ರಜೆಗೆ ನಾನೇ ಊರಿಗೆ ಹೋಗಿ ಅಣ್ಣನ ಮಗನ ಪಕ್ಕದಲ್ಲಿ ಕುಳಿತು ನಲವತ್ತು ಚೌಕಟ್ಟುಗಳಿಗೆ ಅಂಟು ಹಚ್ಚಿಕೊಟ್ಟೆ. ಮೊಳೆ ಹೊಡೆದವನು ಅವನೇ. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು.